ಯಶಸ್ಸಿನ ಲೆಕ್ಕದಲ್ಲಿ ಇತರರ ಪಾಲು

ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಂದ ಮುಖ್ಯ ಅತಿಥಿಯ ಭಾಷಣವಿರಲಿ, ಬಸ್ ನಿಲ್ದಾಣದ ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿಟ್ಟ ವ್ಯಕ್ತಿತ್ವ ವಿಕಸನದ ಪುಸ್ತಕಗಳಿರಲಿ, ಕಂಪನಿಗಳು ಹೊಸಬರಿಗೆ ಕೊಡಿಸುವ ತರಬೇತಿಯಿರಲಿ, ಕೇಳಿಬರುವ ಉಪದೇಶ ಹೆಚ್ಚುಕಡಿಮೆ ಒಂದೇ. ನಿನ್ನ ಏಳಿಗೆ ನಿನ್ನ ಕೈಯಲ್ಲೇ ಇದೆ, ದಿನವೂ ನಿನ್ನನ್ನು ಒಂದಿಷ್ಟು ತಿದ್ದಿಕೊಳ್ಳುತ್ತ ಹೋಗು. ದಾರಿಯಲ್ಲಿ ಸಿಕ್ಕವರಿಗೆಲ್ಲ ಬೆಲೆ ಕೊಡು, ಯಾಕೆಂದರೆ ಜನರನ್ನು ಗಳಿಸಿದವನಿಗೇ ಯಶಸ್ಸು ಒಲಿಯುತ್ತದೆ. ಈ ಮಾತನ್ನು ಒಮ್ಮೆಲೇ ತಳ್ಳಿಹಾಕಿದರೆ ಅನ್ಯಾಯವಾದೀತು. ಹುಟ್ಟಿದ ಮನೆ, ಜಾತಿ, ಹಣೆಬರಹ ಇವೇ ಬದುಕಿನ ಎಲ್ಲೆ ಎಂದು ತಲೆತಲಾಂತರದಿಂದ ನಂಬಿಸಿಕೊಂಡು ಬಂದ ಸಮಾಜದಲ್ಲಿ, ನೀನು ಬದಲಾಗಬಲ್ಲೆ ಎಂದು ಕೂಲಿಯವರ ಮನೆಯ ಹುಡುಗಿಗೆ ಹೇಳುವುದು ಸಣ್ಣ ಸಂಗತಿಯಲ್ಲ. ಇನ್ನೊಬ್ಬರನ್ನು ತುಳಿದು ಮೇಲೇರಬೇಡ ಎಂಬ ಎಚ್ಚರಿಕೆಯೂ ಅದರ ಜೊತೆಗೇ ಬರುವುದರಿಂದ ಉಪದೇಶಕ್ಕೆ ನೈತಿಕ ಮರ್ಯಾದೆಯೊಂದು ದಕ್ಕಿದೆ. ಹೇಳುವವರಲ್ಲಿ ಬಹುಪಾಲು ಜನ ಒಳ್ಳೆಯ ಉದ್ದೇಶದವರೇ. ನನ್ನ ತಕರಾರಿರುವುದು ಅವರ ಉದ್ದೇಶದ ಮೇಲಲ್ಲ. ಆ ಮಾತಿನೊಳಗೆ ಒಂದಕ್ಕೊಂದು ಹೊಂದದ ವಿಚಾರಗಳನ್ನು ಒಟ್ಟಿಗೆ ಕಟ್ಟಿಹಾಕಿರುವುದರ ಮೇಲೆ.

ಗಂಟು ಬಿಚ್ಚಿ ನೋಡಿದರೆ ಒಳಗೆ ಮೂರು ಬೇರೆ ಬೇರೆ ಹೇಳಿಕೆಗಳು ಸಿಗುತ್ತವೆ.

1. ಇತರರಿಗೆ ಬೆಲೆ ಕೊಟ್ಟರೆ ಯಶಸ್ಸು ಬರುತ್ತದೆ, ಆದ್ದರಿಂದ ಬೆಲೆ ಕೊಡಬೇಕು.

2. ಯಶಸ್ಸು ಮೂಲತಃ ಒಬ್ಬನ ಸ್ವಂತ ಸಾಧನೆ. ಇತರರು ದಾರಿಯಲ್ಲಿ ಒದಗುವ ನೆರವು.

3. ತನ್ನನ್ನು ಸರಿಯಾಗಿ ತಿದ್ದಿಕೊಂಡ ಯಾರಿಗಾದರೂ ಯಶಸ್ಸು ಸಿಕ್ಕೇ ಸಿಗುತ್ತದೆ. ಸಿಗದಿದ್ದವರು ತಿದ್ದಿಕೊಂಡದ್ದು ಸಾಲದು.

ಮೂರನೆಯದನ್ನು ವೇದಿಕೆಯ ಮೇಲೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅದನ್ನು ಒಪ್ಪದೆ ಉಪದೇಶದ ಆಕರ್ಷಣೆ ಉಳಿಯುವುದಿಲ್ಲ. ತಿದ್ದಿಕೊಂಡರೂ ಸಿಗದೇ ಹೋಗಬಹುದು ಎಂದರೆ ಪುಸ್ತಕ ಯಾರು ಕೊಳ್ಳುತ್ತಾರೆ? ಅದನ್ನು ಒಪ್ಪಿಬಿಟ್ಟರೆ ಮಾತ್ರ ಮೊದಲನೆಯದಕ್ಕೆ ಉಳಿಗಾಲವಿಲ್ಲ. ಸೋತವರೆಲ್ಲ ತಮ್ಮ ಕೊರತೆಯಿಂದಲೇ ಸೋತವರು ಎಂದು ನಂಬಿದವನು ಅವರಿಗೆ ಕೊಡುವುದು ಬೆಲೆಯಲ್ಲ, ಕನಿಕರ.

ಮೊದಲನೆಯದರಿಂದ ಶುರುಮಾಡೋಣ. ಈ ವಿಚಾರಕ್ಕೆ ಜಗತ್ತಿನ ತುಂಬ ಪ್ರಚಾರ ಕೊಟ್ಟವರು ಅಮೆರಿಕದ ಡೇಲ್ ಕಾರ್ನೆಗಿ. 1912ರಲ್ಲಿ ನ್ಯೂಯಾರ್ಕಿನ ವೈಎಂಸಿಎಯಲ್ಲಿ ಭಾಷಣಕಲೆಯ ತರಗತಿ ಆರಂಭಿಸಿದ ಅವರು, ಆರ್ಥಿಕ ಮಹಾಕುಸಿತದ ನಡುವೆ, 1936ರಲ್ಲಿ, ಜನರನ್ನು ಗೆಲ್ಲುವ ಬಗೆ ಹೇಗೆಂದು ಬರೆದ ಪುಸ್ತಕ ಇವತ್ತಿಗೂ ಮಾರಾಟವಾಗುತ್ತಿದೆ. ಹೆಸರು ನೆನಪಿಟ್ಟುಕೊಳ್ಳಿ, ನಗುಮುಖದಿಂದಿರಿ, ಎದುರಿನವರ ಮಾತನ್ನು ಗಮನಕೊಟ್ಟು ಕೇಳಿ, ಅವರಿಗೆ ಬೇಕಾದದ್ದರ ಬಗ್ಗೆ ಮಾತಾಡಿ. ಕಾರ್ನೆಗಿ ಟೊಳ್ಳು ಮನುಷ್ಯರಲ್ಲ. ಮುಖಸ್ತುತಿ ಬೇರೆ, ಮನಸಾರೆ ಮೆಚ್ಚುವುದು ಬೇರೆ, ಮುಖಸ್ತುತಿಯಿಂದ ಕೆಲಸವಾಗದು ಎಂದು ಅವರೇ ಒತ್ತಿ ಹೇಳುತ್ತಾರೆ. ತೊಡಕು ಇರುವುದೂ ಅಲ್ಲಿಯೇ. ಮೆಚ್ಚುಗೆ ಮನಸ್ಸಿನಿಂದ ಬಂದರಷ್ಟೇ ಫಲ ಎನ್ನುವುದಾದರೆ, ಫಲದ ಮೇಲೆ ಕಣ್ಣಿಟ್ಟು ಹುಟ್ಟಿಸಿಕೊಂಡ ಮೆಚ್ಚುಗೆಗೆ ಆ ಫಲ ದಕ್ಕುವುದು ಹೇಗೆ? ಮನೆಗೆ ಬಂದ ವಿಮಾ ಏಜೆಂಟರು ಮಗಳ ಪರೀಕ್ಷೆ ಹೇಗಾಯಿತೆಂದು ಕೇಳುತ್ತಾರೆ, ಅಮ್ಮನ ಮಂಡಿನೋವು ವಿಚಾರಿಸುತ್ತಾರೆ. ಹತ್ತು ನಿಮಿಷಕ್ಕೆ ಚೀಲದಿಂದ ಪಾಲಿಸಿಯ ಅರ್ಜಿ ಹೊರಬರುತ್ತದೆ. ಅರ್ಜಿ ಹೊರಬಂದ ಗಳಿಗೆಯಲ್ಲಿ, ಅದಕ್ಕೂ ಮುಂಚೆ ಆಡಿದ ಮಾತಿನ ಅರ್ಥವೂ ಬದಲಾಗಿಬಿಡುತ್ತದೆ. ಅವರು ಕೆಟ್ಟವರಲ್ಲ, ಹೊಟ್ಟೆಪಾಡಿನ ಕೆಲಸ ಮಾಡುತ್ತಿದ್ದಾರೆ. ಆದರೆ ಮುಂದಿನ ಸಲ ಮಂಡಿನೋವಿನ ಪ್ರಶ್ನೆಗೆ ಅಮ್ಮ ಕೊಡುವ ಉತ್ತರ ಮೊದಲಿನಷ್ಟು ಉದ್ದವಿರುವುದಿಲ್ಲ. ಅಂದರೆ, ಈ ಉಪದೇಶವನ್ನು ಉಪದೇಶವೆಂದು ಪಾಲಿಸುವವನ ಕೈಯಲ್ಲಿ ಅದು ಕೆಡುತ್ತದೆ. ಅದು ಹೇಳುವ ಕಾರಣವನ್ನು ಮರೆತವನ ಕೈಯಲ್ಲಿ ಮಾತ್ರ ನಡೆಯುತ್ತದೆ.

ಇನ್ನೂ ಗಟ್ಟಿಯಾದ ದೋಷವೊಂದಿದೆ. ಬೆಲೆ ಕೊಡುವುದಕ್ಕೆ ಪ್ರಯೋಜನವೇ ಕಾರಣವಾದರೆ, ಪ್ರಯೋಜನ ಹೆಚ್ಚಿರುವವರಿಗೆ ಹೆಚ್ಚು ಬೆಲೆ, ಇಲ್ಲದವರಿಗೆ ಇಲ್ಲ ಎಂಬುದೂ ಅದರ ಬೆನ್ನಿಗೇ ಬರುತ್ತದೆ. ಬಡ್ತಿಗೆ ಶಿಫಾರಸು ಮಾಡುವ ಮ್ಯಾನೇಜರಿಗೂ ಬೆಳಗ್ಗೆ ಆರಕ್ಕೆ ಬಂದು ಮೇಜು ಒರೆಸುವ ಹೆಂಗಸಿಗೂ ಈ ತರ್ಕದಲ್ಲಿ ಸಮಾನ ಸ್ಥಾನ ಸಿಗಲು ಸಾಧ್ಯವೇ ಇಲ್ಲ. ಯಾರಿಂದ ಯಾವಾಗ ಏನು ಕೆಲಸ ಬೀಳುತ್ತದೋ ಯಾರಿಗೆ ಗೊತ್ತು, ಆದ್ದರಿಂದ ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದು ಕೆಲವರು ತೇಪೆ ಹಚ್ಚುತ್ತಾರೆ. ಅದು ಗೌರವವನ್ನು ಲಾಟರಿ ಚೀಟಿಯ ಮಟ್ಟಕ್ಕೆ ಇಳಿಸುತ್ತದೆ, ಅಷ್ಟೇ. ಹತ್ತಿದ ಏಣಿಯನ್ನು ಒದೆಯಬೇಡ ಎಂಬ ನಮ್ಮ ಹಳೆಯ ಬುದ್ಧಿಮಾತು ಕೂಡ ಈ ಮಟ್ಟಿಗೆ ಇದೇ ಜಾತಿಗೆ ಸೇರಿದ್ದು: ಒದೆಯದಿದ್ದರೂ ಅದರಲ್ಲಿ ಮನುಷ್ಯ ಏಣಿಯೇ.

ಬೆಲೆ ಕೊಡುವುದರಿಂದ ಯಶಸ್ಸು ದೂರವಾಗುವ ಸಂದರ್ಭಗಳನ್ನೂ ನೋಡಬೇಕು, ಯಾಕೆಂದರೆ ಪರೀಕ್ಷೆ ನಡೆಯುವುದು ಅಲ್ಲಿ. ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆಂದು ಶಾಲೆ ತೆರೆದರು; 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಪಟ್ಟಣದ ಗೌರವಸ್ಥ ವಕೀಲನೊಬ್ಬನ ಏಳಿಗೆಗೆ ಆಗ ಬೇಕಾಗಿದ್ದ ಬಂಡವಾಳವೆಂದರೆ ಸ್ವಜಾತಿಯವರ ಒಡನಾಟ, ಕಕ್ಷಿಗಾರರ ವಿಶ್ವಾಸ, ಮದುವೆ ಮುಂಜಿಗಳ ಕರೆ. ಅವರ ಸಮುದಾಯ ಅವರಿಗೆ ಬಹಿಷ್ಕಾರ ಹಾಕಿತು. ಬೆಲೆ ಕೊಟ್ಟರೆ ಯಶಸ್ಸು ಎಂಬ ಸೂತ್ರವನ್ನು ನಂಬಿದವನಾಗಿದ್ದರೆ, ಬಹಿಷ್ಕಾರದ ಸುದ್ದಿ ಕಿವಿಗೆ ಬಿದ್ದ ದಿನವೇ ಶಾಲೆಗೆ ಬೀಗ ಹಾಕುವುದು ತರ್ಕಬದ್ಧವಾಗಿತ್ತು. ಈಗ ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆಯಲ್ಲ, ಕೊನೆಗೂ ಯಶಸ್ಸು ಸಿಕ್ಕಂತಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಹಾಗೆ ಕೇಳುವವರು ಸೂತ್ರವನ್ನು ಉಳಿಸಿಕೊಳ್ಳಲು ಯಶಸ್ಸಿನ ಅರ್ಥವನ್ನೇ ಹಿಗ್ಗಿಸುತ್ತಿದ್ದಾರೆ. ಸತ್ತ ಮೇಲಿನ ಹೆಸರು, ಮನಸ್ಸಿನ ತೃಪ್ತಿ, ಸಮಾಜದ ಒಳಿತು ಎಲ್ಲವೂ ಯಶಸ್ಸೇ ಎಂದಾದರೆ ಸೂತ್ರ ಸುಳ್ಳಾಗುವ ಸಂಭವವೇ ಇಲ್ಲ. ಸುಳ್ಳಾಗುವ ಸಂಭವವಿಲ್ಲದ ಸೂತ್ರ ಯಾರಿಗೂ ದಾರಿ ತೋರಿಸುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಮೊದಮೊದಲು ಲಾಭಕ್ಕಾಗಿಯೇ ಬೆಲೆ ಕೊಡಲಿ, ನಟನೆಯೇ ಆಗಿರಲಿ. ಮಾಡುತ್ತ ಮಾಡುತ್ತ ಅದು ಸ್ವಭಾವವಾದೀತಲ್ಲವೇ? ನ್ಯಾಯದ ಕೆಲಸಗಳನ್ನು ಮಾಡಿ ಮಾಡಿಯೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂದು ಅರಿಸ್ಟಾಟಲ್ ವಾದಿಸಿದ್ದು ಇದನ್ನೇ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹಿರಿಯರ ಕಾಲಿಗೆ ನಮಸ್ಕಾರ ಮಾಡಿಸುವುದರ ಹಿಂದೆ ಇರುವುದೂ ಇದೇ ನಂಬಿಕೆ. ಆಕ್ಷೇಪದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಅಭ್ಯಾಸದಿಂದ ಗಟ್ಟಿಯಾಗುವುದು ನಾವು ಬಯಸಿದ್ದಲ್ಲ, ನಾವು ದಿನವೂ ಮಾಡಿದ್ದು. ಕೆಲಸಕ್ಕೆ ಬರುವವರ ಮುಂದೆ ಮಾತ್ರ ನಕ್ಕು ಹತ್ತು ವರ್ಷ ಕಳೆದವನಲ್ಲಿ ಗಟ್ಟಿಯಾಗುವುದು ಆಳು ನೋಡಿ ಮಣೆ ಹಾಕುವ ಗುಣವೇ. ಯಾರಿಂದ ಏನೂ ಸಿಗುವುದಿಲ್ಲವೋ ಅಂಥವರ ನಡುವೆ ಆ ಅಭ್ಯಾಸ ನಡೆದಿದ್ದರೆ ಮಾತು ಬೇರೆ. ಆದರೆ ಅಂಥ ಕಡೆ ಅಭ್ಯಾಸ ಮಾಡು ಎನ್ನಲು ಲಾಭದ ತರ್ಕದಲ್ಲಿ ಯಾವ ಕಾರಣವೂ ಇಲ್ಲ.

ಎರಡನೆಯ ಹೇಳಿಕೆಗೆ ಬರೋಣ. ಹೆಚ್ಚಿನ ಗೊಂದಲ ಅಡಗಿರುವುದು ಇದರಲ್ಲಿ. ಸ್ವಂತ ಪರಿಶ್ರಮದಿಂದ ಮೇಲೆ ಬಂದವರು ಎಂಬ ಬಿರುದನ್ನು ನಾವು ಎಷ್ಟು ಸಲೀಸಾಗಿ ಕೊಡುತ್ತೇವೆಂದರೆ, ಅದು ಒಂದು ಚಾರಿತ್ರಿಕ ಹೇಳಿಕೆ, ಅದಕ್ಕೆ ಪುರಾವೆ ಬೇಕು ಎಂಬುದೇ ಹೊಳೆಯುವುದಿಲ್ಲ. ಆಧುನಿಕ ಕಾಲದಲ್ಲಿ ಈ ವಿಚಾರದ ಮೂಲಗ್ರಂಥ ಎನ್ನಬಹುದಾದದ್ದು ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ 'ಸೆಲ್ಫ್ ಹೆಲ್ಪ್'. 1859ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಮೊದಲ ವರ್ಷವೇ ಇಪ್ಪತ್ತು ಸಾವಿರ ಪ್ರತಿ ಮಾರಾಟವಾದ ಪುಸ್ತಕ; 1871ರಲ್ಲಿ ಜಪಾನಿಗೆ ಅನುವಾದವಾಗಿ ಹೋಗಿ ಅಲ್ಲಿಯ ಒಂದು ತಲೆಮಾರನ್ನೇ ಪ್ರಭಾವಿಸಿತು. ಆದರೆ ಪುಸ್ತಕ ಹುಟ್ಟಿದ್ದು ಹೇಗೆ? ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಇಬ್ಬರು ಮೂವರು ಬಡ ಯುವಕರು ಚಳಿಗಾಲದ ಸಂಜೆಗಳಲ್ಲಿ ಒಟ್ಟಿಗೆ ಕೂತು ಓದು ಬರಹ ಕಲಿಯಲು ಶುರುಮಾಡಿದರು. ಸ್ವಲ್ಪ ಗೊತ್ತಿದ್ದವನು ಏನೂ ಗೊತ್ತಿಲ್ಲದವನಿಗೆ ಕಲಿಸುತ್ತಿದ್ದ. ಸಂಖ್ಯೆ ಬೆಳೆದು ನೂರರ ಹತ್ತಿರ ಬಂದಾಗ, ಹಿಂದೆ ಕಾಲರಾ ಆಸ್ಪತ್ರೆಯಾಗಿ ಬಳಸಿದ್ದ, ಬಾಡಿಗೆಗೆ ಯಾರೂ ಹಿಡಿಯದ ಕೋಣೆಯೊಂದನ್ನು ಹಿಡಿದರು. 1845ರಲ್ಲಿ ಅವರು ಬಂದು ಕೇಳಿಕೊಂಡಾಗ, ಅದೇ ಊರಿನ ಪತ್ರಿಕೆಯೊಂದರ ಸಂಪಾದಕರಾಗಿ ಕೆಲಸ ಮಾಡಿದ್ದ ಸ್ಮೈಲ್ಸ್ ಅಲ್ಲಿ ಮಾಡಿದ ಉಪನ್ಯಾಸಗಳೇ ಮುಂದೆ ಪುಸ್ತಕವಾದವು. ಸ್ವಸಹಾಯದ ವೇದಗ್ರಂಥ ಹುಟ್ಟಿದ್ದು ಪರಸ್ಪರ ಸಹಾಯದ ಕೋಣೆಯಲ್ಲಿ. ಸ್ಮೈಲ್ಸ್‌ಗೂ ಇದು ಗೊತ್ತಿತ್ತು. ಪುಸ್ತಕದ ಹೆಸರು ಓದುಗರನ್ನು ದಾರಿ ತಪ್ಪಿಸಿತು, ಸ್ವಾರ್ಥವನ್ನು ಹೊಗಳಿದ್ದೇನೆಂದು ಜನ ತಿಳಿದರು ಎಂದು ಅವರು 1866ರ ಆವೃತ್ತಿಯ ಮುನ್ನುಡಿಯಲ್ಲಿ ಪೇಚಾಡಿಕೊಂಡರು. ಮುನ್ನುಡಿ ಓದದವರು ಹೆಸರನ್ನು ಮಾತ್ರ ಹೊತ್ತುಕೊಂಡು ಹೋದರು.

ಅಟ್ಲಾಂಟಿಕ್‌ನ ಆಚೆ ಫ್ರೆಡರಿಕ್ ಡಗ್ಲಸ್ ಹಲವು ವರ್ಷ ಊರೂರಿಗೆ ಹೋಗಿ ಮಾಡಿದ ಉಪನ್ಯಾಸವೊಂದರ ವಿಷಯವೇ ಸ್ವಂತ ಬಲದಿಂದ ಮೇಲೆ ಬಂದವರು. ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು, ಅಮೆರಿಕದ ದೊಡ್ಡ ವಾಗ್ಮಿಗಳಲ್ಲಿ ಒಬ್ಬನಾಗಿ ಬೆಳೆದ ಆತನಿಗಿಂತ ಆ ಬಿರುದಿಗೆ ಹಕ್ಕುಳ್ಳವರು ಯಾರಿದ್ದರು? ಆದರೂ, ಕಟ್ಟುನಿಟ್ಟಾಗಿ ಹೇಳುವುದಾದರೆ ಅಂಥವರು ಯಾರೂ ಇಲ್ಲ ಎಂಬ ಅರ್ಥದ ಮಾತಿನಿಂದಲೇ ಆತ ಶುರುಮಾಡುತ್ತಿದ್ದ. ಅಕ್ಷರ ಕಲಿತದ್ದು ಹೇಗೆಂದು ಆತನೇ ಬರೆದಿದ್ದಾನೆ: ಮೊದಲ ಅಕ್ಷರಗಳು ಯಜಮಾನನ ಹೆಂಡತಿಯಿಂದ, ಅದು ನಿಂತುಹೋದ ಮೇಲೆ ಬಾಲ್ಟಿಮೋರಿನ ಬೀದಿಯ ಬಡ ಬಿಳಿ ಹುಡುಗರಿಂದ, ಅವರಿಗೆ ರೊಟ್ಟಿ ಕೊಟ್ಟು ಪಾಠ ಹೇಳಿಸಿಕೊಂಡ.

ನಮ್ಮ ಕಡೆಗೆ ಬಂದರೆ ಚಿತ್ರ ಇನ್ನೂ ಸ್ಪಷ್ಟವಿದೆ. ಹಿಂದಿನ ತಲೆಮಾರಿನ ಎಷ್ಟೋ ವಿದ್ವಾಂಸರು, ಅಧಿಕಾರಿಗಳು ವಾರಾನ್ನದ ಮೇಲೆ ಓದಿದವರು. ಹಳ್ಳಿಯಿಂದ ಪೇಟೆಯ ಹೈಸ್ಕೂಲಿಗೆ ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆ ಗೊತ್ತುಮಾಡಿಕೊಳ್ಳುತ್ತಿದ್ದ. ಐದೇ ಮನೆ ಸಿಕ್ಕರೆ ಎರಡು ದಿನ ದೇವಸ್ಥಾನದ ಪ್ರಸಾದ ಅಥವಾ ತಣ್ಣೀರು. ಮನೆಯೊಡತಿ ಊರಿಗೆ ಹೋದರೆ, ಮನೆಯಲ್ಲಿ ಸೂತಕವಾದರೆ ಆ ವಾರದ ಒಂದು ಊಟ ತಪ್ಪುತ್ತಿತ್ತು. ಬಾವಿಯಿಂದ ನೀರು ಸೇದುವುದು, ಸಂತೆಯಿಂದ ತರಕಾರಿ ತರುವುದು, ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಅದಕ್ಕೆ ಪ್ರತಿಯಾಗಿ. ಅಂಥವನ ಶ್ರಮ ಸುಳ್ಳೆಂದು ಯಾರೂ ಹೇಳಲಾರರು. ಆದರೆ ಅವನು ತರಗತಿಗೆ ಮೊದಲಿಗನಾಗಿ ಬಂದಾಗ ಆ ಅಂಕಗಳೊಳಗೆ ಏಳು ಅಡುಗೆಮನೆಗಳಿದ್ದವು. ಇನ್ನೂ ಒಂದು ಮಾತು ಇಲ್ಲಿಯೇ ಹೇಳಬೇಕು. ಆ ಏಳು ಮನೆಗಳ ಬಾಗಿಲು ಎಲ್ಲ ಹುಡುಗರಿಗೂ ತೆರೆಯುತ್ತಿರಲಿಲ್ಲ. ವಾರಾನ್ನ ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣ ಮನೆಗಳಲ್ಲಿ ಸಿಗುತ್ತಿದ್ದ ನೆರವು. ಉಳಿದವರು ಮಠಗಳು ಮತ್ತು ಸಮುದಾಯಗಳ ಸಂಘಗಳು ಉಚಿತ ವಿದ್ಯಾರ್ಥಿನಿಲಯ ಕಟ್ಟುವವರೆಗೆ, ಸರ್ಕಾರದ ಹಾಸ್ಟೆಲುಗಳು ಬರುವವರೆಗೆ ಕಾಯಬೇಕಾಯಿತು. ಹಾಗಾಗಿ ಒಂದೇ ಊರಿನ, ಒಂದೇ ಬುದ್ಧಿಯ, ಒಂದೇ ಛಲದ ಇಬ್ಬರು ಹುಡುಗರಲ್ಲಿ ಒಬ್ಬ ಅಮಲ್ದಾರನಾಗಿ ಇನ್ನೊಬ್ಬ ಎಮ್ಮೆ ಕಾಯುತ್ತ ಉಳಿದದ್ದಕ್ಕೆ ಅವರ ವ್ಯಕ್ತಿತ್ವದಲ್ಲಿ ಕಾರಣ ಹುಡುಕುವುದು ಅಡ್ಡದಾರಿ.

ಸರ್ ಎಂ. ವಿಶ್ವೇಶ್ವರಯ್ಯನವರ ಉದಾಹರಣೆಯನ್ನು ಈ ಚರ್ಚೆಯಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ಪರಿಶ್ರಮದ ಮಾತು ಬಂದಾಗ ಕನ್ನಡಿಗರ ನಾಲಿಗೆಗೆ ಮೊದಲು ಬರುವ ಹೆಸರು ಅವರದೇ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯದಲ್ಲಿ ಇದ್ದು, ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪಾಸಾದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನದಿಂದ. 1883ರಲ್ಲಿ ಅಲ್ಲಿ ಮೊದಲ ಸ್ಥಾನ. ಅವರ ಶಿಸ್ತು, ದುಡಿಮೆ ಅಸಾಮಾನ್ಯವಾದದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಮುಂದೆ ಅವರು ದಿವಾನರಾಗಿದ್ದಾಗ, 1918ರಲ್ಲಿ, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳ ಪಾಲು ಹೆಚ್ಚಿಸುವ ದಾರಿ ಹುಡುಕಲು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಆ ವರ್ಷವೇ ಅವರು ದಿವಾನಗಿರಿ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೇ ಮುಖ್ಯ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಅವರ ನಿಲುವನ್ನು ಹಗುರವಾಗಿ ನೋಡಬಾರದು. ಓದಿಗೆ ನೆರವು ಕೊಡಿ, ಶಾಲೆಗಳನ್ನು ಹೆಚ್ಚಿಸಿ, ಆದರೆ ಹುದ್ದೆಯನ್ನು ಯೋಗ್ಯತೆ ನೋಡಿಯೇ ಕೊಡಿ ಎಂಬುದು ಅದರ ಸಾರ. ಅವರು ಬರೀ ಮಾತಾಡಿದವರೂ ಅಲ್ಲ. ಶಿಕ್ಷಣವನ್ನು ವಿಸ್ತರಿಸಿದರು, ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು ಅವರ ಅವಧಿಯಲ್ಲೇ, 1916ರಲ್ಲಿ. ಓಟದ ಆರಂಭದಲ್ಲಿ ನೆರವು, ಕೊನೆಯಲ್ಲಿ ಸ್ಪರ್ಧೆ ಎಂಬ ಈ ವಿಂಗಡಣೆ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಅದು ನಿಲ್ಲಬೇಕಾದರೆ, ನೆರವನ್ನೆಲ್ಲ ಕಳೆದ ಮೇಲೆ ಉಳಿಯುವುದೇ ಪರೀಕ್ಷೆಯ ಅಂಕ ಎಂದು ಒಪ್ಪಬೇಕು. ನೆರವೆಂದರೆ ವಿದ್ಯಾರ್ಥಿವೇತನದ ಹಣ ಮಾತ್ರವೇ? ಪಟ್ಟಣದಲ್ಲೊಬ್ಬ ಸೋದರಮಾವನಿರುವುದು, ಮನೆಯಲ್ಲಿ ಯಾರೋ ಒಬ್ಬರು ಅರ್ಜಿ ಬರೆಯಬಲ್ಲವರಾಗಿರುವುದು, ಹುಡುಗ ಓದುತ್ತಾನೆ ಎಂಬುದು ಊರಿಗೆ ಆಶ್ಚರ್ಯದ ಸುದ್ದಿಯಾಗದಿರುವುದು, ಪಾಠ ಹೇಳಲು ಇನ್ನೊಬ್ಬರ ಮನೆಯೊಳಗೆ ಕಾಲಿಡಲು ಯಾರೂ ತಡೆಯದಿರುವುದು: ಇವು ಯಾವ ಖಜಾನೆಯ ಲೆಕ್ಕದಲ್ಲೂ ಬರುವುದಿಲ್ಲ, ಆದರೆ ಅಂಕದೊಳಗೆ ಇರುತ್ತವೆ. ಆಡಳಿತದ ಮೇಲಿನ ಹುದ್ದೆಗಳಲ್ಲಿ ಜನಸಂಖ್ಯೆಯ ಸಣ್ಣ ಪಾಲಿನ ಸಮುದಾಯವೊಂದೇ ತುಂಬಿಕೊಂಡಿದ್ದ ಸಂಸ್ಥಾನದಲ್ಲಿ, 1919ರ ಮಿಲ್ಲರ್ ವರದಿ ಮಾಡಿದ್ದು ಮುಖ್ಯವಾಗಿ ಈ ಕಾಣದ ನೆರವನ್ನು ಲೆಕ್ಕಕ್ಕೆ ತರುವ ಕೆಲಸ. ಈ ವಿಷಯದಲ್ಲಿ ನನ್ನ ತೀರ್ಮಾನ ಮಹಾರಾಜರ ಕಡೆಗಿದೆ. ಅದರಿಂದ ವಿಶ್ವೇಶ್ವರಯ್ಯನವರ ಪರಿಶ್ರಮ ಒಂದು ಎಳ್ಳಿನಷ್ಟೂ ಕಡಿಮೆಯಾಗುವುದಿಲ್ಲ. ಪರಿಶ್ರಮ ಎಷ್ಟನ್ನು ವಿವರಿಸುತ್ತದೆ, ಎಷ್ಟನ್ನು ವಿವರಿಸುವುದಿಲ್ಲ ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಇತರರಿಗೆ ಬೆಲೆ ಕೊಡುವುದು ಎಂದರೆ ನನ್ನ ಮಟ್ಟಿಗೆ ಮೊದಲು ಇದು: ಅವರ ಪಾಲನ್ನು ಸರಿಯಾಗಿ ಎಣಿಸುವುದು. ಅದು ನಗುಮುಖದಂತೆ ಬೆಳೆಸಿಕೊಳ್ಳುವ ಕೌಶಲವಲ್ಲ. ಸರಿಯೋ ತಪ್ಪೋ ಆಗಬಹುದಾದ, ಪುರಾವೆ ಕೇಳಬಹುದಾದ ಒಂದು ನಿರ್ಣಯ.

ಮೂರನೆಯ ಹೇಳಿಕೆಗೆ ಹೆಚ್ಚು ಹೊತ್ತು ಬೇಡ. ಅಂಕಗಣಿತವೇ ಅದನ್ನು ಮುಗಿಸುತ್ತದೆ. 2023ರ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು ಹತ್ತು ಲಕ್ಷಕ್ಕೂ ಹೆಚ್ಚು. ಪೂರ್ವಭಾವಿ ಪರೀಕ್ಷೆ ಬರೆದವರು 5.92 ಲಕ್ಷ, ಕೊನೆಗೆ ಆಯ್ಕೆಯಾದವರು 1,016. ಈ ಕೊನೆಯ ಸಂಖ್ಯೆಯನ್ನು ನಿರ್ಧರಿಸುವುದು ಖಾಲಿ ಹುದ್ದೆಗಳೇ ಹೊರತು ಅಭ್ಯರ್ಥಿಗಳ ಗುಣಮಟ್ಟವಲ್ಲ. ಬರೆದವರೆಲ್ಲ ಮುಂದಿನ ವರ್ಷ ಎರಡರಷ್ಟು ಓದಿ, ಎರಡರಷ್ಟು ಚೆನ್ನಾಗಿ ಬರೆದರೂ ಪಟ್ಟಿ ಅಷ್ಟೇ ಉದ್ದವಿರುತ್ತದೆ. ಜಾತ್ರೆಯಲ್ಲಿ ತೇರು ಕಾಣಲೆಂದು ಒಬ್ಬ ತುದಿಗಾಲಲ್ಲಿ ನಿಂತರೆ ಅವನಿಗೆ ಕಾಣುತ್ತದೆ; ಎಲ್ಲರೂ ನಿಂತರೆ ಎಲ್ಲರ ಕಾಲೂ ನೋಯುತ್ತದೆ, ಕಾಣುವುದು ಮೊದಲಿನಷ್ಟೇ. ತಿದ್ದಿಕೊಂಡರೆ ಅವಕಾಶ ಹೆಚ್ಚುತ್ತದೆ ಎಂಬುದು ಒಬ್ಬೊಬ್ಬರಿಗೂ ನಿಜ. ಅದನ್ನೇ ಎಲ್ಲರಿಗೂ ಒಟ್ಟಿಗೆ ಹೇಳಿದಾಗ ಸುಳ್ಳು. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್ ಕೇಂದ್ರಗಳ ಫಲಕಗಳ ಕೆಳಗೆ ಓಡಾಡುವ ಸಾವಿರಾರು ಹುಡುಗ ಹುಡುಗಿಯರಿಗೆ ನಾವು ಹೇಳುತ್ತಿರುವುದು ಎರಡನೆಯ ರೀತಿಯ ಮಾತು.

ಆ ಫಲಕಗಳನ್ನೇ ಒಮ್ಮೆ ನಿಂತು ನೋಡಬೇಕು. ರ್‍ಯಾಂಕ್ ಬಂದವರ ಫೋಟೋ, ಕೆಳಗೆ ದೊಡ್ಡ ಅಂಕಿ. ಒಬ್ಬನೇ ಅಭ್ಯರ್ಥಿಯ ಮುಖ ಎರಡು ಮೂರು ಸಂಸ್ಥೆಗಳ ಜಾಹೀರಾತಿನಲ್ಲಿ ಕಾಣುವುದೂ ಉಂಟು. ಉಚಿತ ಸಂದರ್ಶನ ಮಾರ್ಗದರ್ಶನಕ್ಕೆ ಮಾತ್ರ ಬಂದವರನ್ನು ಪೂರ್ತಿ ತಮ್ಮ ವಿದ್ಯಾರ್ಥಿಗಳೆಂಬಂತೆ ತೋರಿಸಿದ್ದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದೇಶದ ಹಲವು ಕೋಚಿಂಗ್ ಸಂಸ್ಥೆಗಳಿಗೆ ದಂಡ ಹಾಕಿದೆ. ಇದರಲ್ಲಿ ನನಗೆ ಮೋಜೆನಿಸುವುದು ವಂಚನೆಯಲ್ಲ, ಅದರ ಒಳಗಿನ ವಿರೋಧಾಭಾಸ. ಗೆದ್ದವನ ಗೆಲುವಿನಲ್ಲಿ ತಮಗೆ ಪಾಲಿದೆಯೆಂದು ಮೂರು ಸಂಸ್ಥೆಗಳು ಕಿತ್ತಾಡುತ್ತವೆ. ಅಂದರೆ ಗೆಲುವಿನಲ್ಲಿ ಇತರರ ಪಾಲಿರುತ್ತದೆ ಎಂಬುದನ್ನು ಎಲ್ಲರೂ ಒಪ್ಪಿದಂತಾಯಿತು. ಅದೇ ಬೆಂಚಿನಲ್ಲಿ ಅದೇ ಶುಲ್ಕ ಕಟ್ಟಿ ಕೂತು ಸೋತ ಹುಡುಗಿಯ ಸೋಲಿನಲ್ಲಿ ಮಾತ್ರ ಯಾರಿಗೂ ಪಾಲು ಬೇಡ. ಅದು ಪೂರ್ತಿ ಅವಳದೇ. ಗೆಲುವು ಹಂಚಿಕೊಳ್ಳಬೇಕಾದದ್ದು, ಸೋಲು ಖಾಸಗಿ ಸ್ವತ್ತು ಎಂಬ ಈ ಎರಡು ನಾಲಿಗೆಯ ಲೆಕ್ಕ ಕೋಚಿಂಗ್ ಕೇಂದ್ರಗಳ ಸೃಷ್ಟಿಯೇನಲ್ಲ. ಮನೆಗಳಲ್ಲೂ ಇದೇ ನಡೆಯುತ್ತದೆ.

ಇಲ್ಲಿಯವರೆಗಿನ ವಾದಕ್ಕೆ ಬರಬಹುದಾದ ಅತಿ ಚೂಪಾದ ಆಕ್ಷೇಪ ಇದು: ಬೆಲೆ ಕೊಡುವುದೆಂದರೆ ಪಾಲನ್ನು ಎಣಿಸುವುದು ಎನ್ನುವುದಾದರೆ, ನನ್ನ ಬದುಕಿಗೆ ಏನೂ ಕೊಡದವರ ಗತಿಯೇನು? ಲಾಭ ನೋಡಿ ಬೆಲೆ ಕೊಡುವವನನ್ನು ಟೀಕಿಸಿ, ಋಣ ನೋಡಿ ಬೆಲೆ ಕೊಡು ಎಂದಂತಾಗಲಿಲ್ಲವೇ? ಒಬ್ಬ ಮುಂದೆ ಬರುವ ಲಾಭ ನೋಡುತ್ತಾನೆ, ಇನ್ನೊಬ್ಬ ಹಿಂದೆ ಬಂದ ಲಾಭ ನೋಡುತ್ತಾನೆ. ಇಬ್ಬರ ಕೈಯಲ್ಲೂ ಇರುವುದು ಖಾತೆ ಪುಸ್ತಕವೇ. ಆಕ್ಷೇಪ ಸರಿಯಾಗಿದೆ, ಎಣಿಕೆಯೊಂದರಿಂದಲೇ ಇದಕ್ಕೆ ಉತ್ತರವಿಲ್ಲ. ಎಣಿಕೆಯಿಂದ ಆಗುವ ಕೆಲಸ ಸೀಮಿತವಾದದ್ದು. ನಾನು ಮೇಲೆ ಬಂದದ್ದು ನನ್ನಿಂದ, ಅವನು ಕೆಳಗುಳಿದದ್ದು ಅವನಿಂದ ಎಂಬ ಹೇಳಿಕೆ ಸುಳ್ಳೆಂದು ಅದು ತೋರಿಸುತ್ತದೆ, ಅಷ್ಟೇ. ಆದರೆ ಸೋತವರ ಬಗ್ಗೆ ನಮಗಿರುವ ತಾತ್ಸಾರ ನಿಂತಿರುವುದು ಆ ಹೇಳಿಕೆಯ ಮೇಲೆ. ಅದು ಬಿದ್ದರೆ ತಾತ್ಸಾರಕ್ಕೆ ಆಧಾರವಿಲ್ಲ. ಗೌರವಕ್ಕಾದರೋ ಅಂಥ ಆಧಾರವೇ ಬೇಕಿಲ್ಲ; ಎದುರಿಗಿರುವವನು ಮನುಷ್ಯ ಎಂಬಷ್ಟು ಸಾಕು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲೇ ಹಾಕಿ ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸುತ್ತಾಳೆ. ಆ ಅಕ್ಕಿ ಮುಂದೆ ಯಾರ ಕೈಗೆ ಸೇರುತ್ತದೆ, ಅವರು ನಮಗೇನು ಮಾಡಿದ್ದಾರೆ, ಮುಂದೇನು ಮಾಡಿಯಾರು ಎಂಬ ಪ್ರಶ್ನೆಯನ್ನು ಅವಳು ಎತ್ತುವುದೇ ಇಲ್ಲ. ನಮ್ಮ ಕಾಲದ ಸಂಬಳದಾರರಿಗೆ ಇದನ್ನು ನೇರವಾಗಿ ಅನ್ವಯಿಸುವುದು ಬಾಲಿಶವಾದೀತು. ಆದರೆ ಸ್ವಂತ ಬೆಳವಣಿಗೆಗೆ ಇಷ್ಟು ಸಾಕು ಎಂಬ ಗಡಿಯನ್ನು ಇನ್ನೊಬ್ಬರ ಇರವು ಗೊತ್ತುಮಾಡಬಹುದು ಎಂಬ ಯೋಚನೆ ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲಿ ನನಗೆ ಸಿಕ್ಕಿಲ್ಲ. ಅಲ್ಲಿ ಬೆಳವಣಿಗೆಗೆ ಗಡಿಯಿಲ್ಲ, ಇತರರು ಗೊಬ್ಬರ.

ಉಳಿದಿರುವುದು ಒಂದು ವ್ಯಾವಹಾರಿಕ ಆಕ್ಷೇಪ. ಗೆಲುವಿನಲ್ಲಿ ನಿನ್ನ ಪಾಲು ನೀನು ತಿಳಿದಷ್ಟು ದೊಡ್ಡದಲ್ಲ ಎಂದು ಹೇಳಿದರೆ ಯುವಕರು ಕೈಚೆಲ್ಲಿ ಕೂರುವುದಿಲ್ಲವೇ? ಸುಳ್ಳಾದರೂ ಸರಿ, ಉತ್ಸಾಹ ತುಂಬುವ ಮಾತು ಒಳ್ಳೆಯದಲ್ಲವೇ? ಈ ಆಕ್ಷೇಪ ಪರಿಶ್ರಮದ ಮಹತ್ವವನ್ನೂ ಒಡೆತನದ ಹಕ್ಕನ್ನೂ ಒಂದೇ ಎಂದು ಹಿಡಿಯುತ್ತದೆ. ಮಳೆಯಿಲ್ಲದೆ ಬೆಳೆಯಿಲ್ಲ ಎಂದು ಗೊತ್ತಿದ್ದೂ ರೈತ ಉಳುವುದನ್ನು ಬಿಡುವುದಿಲ್ಲ. ಇನ್ನೊಂದು ಕಡೆ, ಎಲ್ಲವೂ ನಿನ್ನ ಕೈಯಲ್ಲಿದೆ ಎಂದು ನಂಬಿದ ಹುಡುಗನಿಗೆ ಮೊದಲ ಸೋಲು ಸೋಲಾಗಿ ಕಾಣುವುದಿಲ್ಲ, ತಾನು ಕೆಲಸಕ್ಕೆ ಬಾರದವನು ಎಂಬ ತೀರ್ಪಾಗಿ ಕಾಣುತ್ತದೆ. ಹೆಚ್ಚು ಬೇಗ ಕೈಚೆಲ್ಲುವವನು ಅವನೇ. ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಸಾಧಕರ ಸಂದರ್ಶನಗಳು ಬರುತ್ತವೆ. ದಿನಕ್ಕೆ ಎಷ್ಟು ಗಂಟೆ ಓದಿದಿರಿ, ಮೊಬೈಲ್ ದೂರ ಇಟ್ಟಿದ್ದಿರಾ, ಕಿರಿಯರಿಗೆ ನಿಮ್ಮ ಸಲಹೆ ಏನು ಎಂಬ ಮೂರು ಪ್ರಶ್ನೆಗಳು ತಪ್ಪುವುದಿಲ್ಲ. ಎಷ್ಟು ವರ್ಷ ಸಂಬಳವಿಲ್ಲದೆ ಓದಲು ಸಾಧ್ಯವಾಯಿತು, ರೂಮಿನ ಬಾಡಿಗೆ ಯಾರು ಕಟ್ಟಿದರು, ಅಷ್ಟು ದಿನ ಮನೆಯ ಕೆಲಸ ಯಾರ ಹೆಗಲ ಮೇಲಿತ್ತು, ನೋಟ್ಸ್ ಯಾರಿಂದ ಪಡೆದಿರಿ, ನಿಮ್ಮ ಜೊತೆ ಓದಿದವರಲ್ಲಿ ನಿಮಗಿಂತ ಚೆನ್ನಾಗಿ ಗೊತ್ತಿದ್ದೂ ಆಯ್ಕೆಯಾಗದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದನ್ನು ನಾನು ಓದಿಲ್ಲ. ಕೇಳಬೇಕು. ಇವಕ್ಕೆ ಉತ್ತರ ಸಿಕ್ಕರೆ, ನಾಲ್ಕನೆಯ ಸಲ ಬರೆಯಲೋ ಬಿಡಲೋ ಎಂದು ಬೀದರಿನಲ್ಲೋ ಚಾಮರಾಜನಗರದಲ್ಲೋ ಕೂತು ಯೋಚಿಸುತ್ತಿರುವ ಹುಡುಗಿಗೆ ತನ್ನ ಮನೆಯ ಪರಿಸ್ಥಿತಿಯನ್ನು ಅದರ ಪಕ್ಕದಲ್ಲಿಟ್ಟು ತೂಗಿ ನೋಡಲು ಸಾಧ್ಯವಾಗುತ್ತದೆ. ಹದಿನಾಲ್ಕು ಗಂಟೆ ಓದಿದೆ ಎಂಬ ಉತ್ತರದಿಂದ ಅವಳಿಗೆ ಅಂಥದ್ದೇನೂ ಸಿಗುವುದಿಲ್ಲ.